ಗರ್ಭದ ಮೊದಲ 28 ದಿನಗಳು

ಬೆನ್ನುಹುರಿಯ ದೋಷವುಳ್ಳ ಕೂಸು ಹುಟ್ಟಿದರೆ ಗ್ರಹಣವನ್ನೋ ತಾಯಿಯ ಕರ್ಮವನ್ನೋ ದೂಷಿಸುವವರು ಟಿಕೋಟಾ, ಬಬಲೇಶ್ವರಗಳ ಕಡೆ ಇಂದಿಗೂ ಉಂಟು. ಮಿದುಳು, ಬೆನ್ನುಹುರಿಗಳಾಗಬೇಕಾದ ನರನಾಳವು ಭ್ರೂಣದಲ್ಲಿ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನಗಳೊಳಗೆ. ಬಸುರೆಂಬ ಅರಿವು ಎಷ್ಟೋ ತಾಯಂದಿರಿಗೆ ಆಗಿನ್ನೂ ಮೂಡಿರುವುದಿಲ್ಲ. ಒಮ್ಮೆ ಇಂತಹ ಕೂಸನ್ನು ಹೆತ್ತವರು ಮುಂಚಿನಿಂದಲೇ ಫೋಲಿಕ್ ಆಮ್ಲ ಸೇವಿಸಿದರೆ ದೋಷದ ಮರುಕಳಿಕೆ ಸುಮಾರು ಮುಕ್ಕಾಲು ಪಾಲು ತಗ್ಗುವುದೆಂದು 1991ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿಕೊಟ್ಟರು. ಬಸುರಿಯ ಹೆಸರು ನೋಂದಣಿಯಾದ ಮೇಲೆ ಕೈಸೇರುವ ಗುಳಿಗೆ ರಕ್ತಹೀನತೆಗೆ ಒದಗೀತು, ನರನಾಳಕ್ಕಲ್ಲ.

ಜನನಸೂತಕ, ರಜಸ್ಸೂತಕಗಳನ್ನು ಶರಣರು ಅಲ್ಲಗಳೆದರೆಂದು ಬೋಧಿಸುವ ನಾವು ಶಿಕ್ಷಕರು, ಗರ್ಭದ ಪಾಠ ಬಂದೊಡನೆ ಪುಟ ತಿರುವುತ್ತೇವೆ! ಹಳಕಟ್ಟಿಯವರು ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯ 1986ರಿಂದ ವಿಜಯಪುರದಲ್ಲಿಯೇ ಇದೆ. ಅಲ್ಲಿಯ ವೈದ್ಯೆಯೊಬ್ಬರನ್ನು ವರ್ಷಕ್ಕೊಮ್ಮೆ ನಮ್ಮ ಹತ್ತನೆಯ ತರಗತಿಗೆ ಬರಮಾಡಿಕೊಳ್ಳಬೇಕು. ಇದಕ್ಕೆ ದಾನಿಗಳು ಹೊಸ ಕೊಠಡಿಯನ್ನೇನೂ ಕಟ್ಟಿಸಬೇಕಾಗಿಲ್ಲ.