ಇನ್ನೂರು ರೂಪಾಯಿ ಸೆಂಟು ನೋಡಿ ನಗುವುದೇಕೆ?

ಬೆಳಗ್ಗೆ ಏಳೂವರೆ ಬಸ್ಸು. ಡೇರಿಗೆ ಹಾಲು ಹಾಕಿ, ಮನೆಗೆ ಓಡಿ, ನಾಲ್ಕು ಚೊಂಬು ನೀರು ಸುರಿದುಕೊಂಡ ಹುಡುಗ ಬಸ್ಸು ಹತ್ತುತ್ತಾನೆ. ಪೇಟೆಯ ಕಾಲೇಜಿಗೋ, ಮೊಬೈಲ್ ಅಂಗಡಿ ಕೆಲಸಕ್ಕೋ ಹೊರಟವನು. ಅವನು ಒಳಗೆ ಬಂದ ಕೂಡಲೇ ಮೂರು ಸೀಟಿನವರೆಗೆ ಕಿತ್ತಳೆ ಸುಲಿದಂಥ ಘಮ. ಹಿಂದಿನ ಸೀಟಿನಿಂದ ಒಬ್ಬರು ಕೇಳಿಯೇ ಬಿಡುತ್ತಾರೆ: "ಏನಪ್ಪಾ, ಯಾರ ಮದುವೆಗೆ ಹೊರಟೆ?" ಬಸ್ಸೆಲ್ಲ ನಗು. ಹುಡುಗನೂ ನಗುತ್ತಾನೆ. ನಕ್ಕು ಕಿಟಕಿ ಕಡೆ ತಿರುಗಿಕೊಳ್ಳುತ್ತಾನೆ.

ಆ ನಗುವಿನ ಬಗ್ಗೆ ಇವತ್ತು ಸ್ವಲ್ಪ ಮಾತಾಡೋಣ.

ಈಗ ಸಂತೆಯಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ, ಫೋನಿನಲ್ಲಿ ಎಲ್ಲೆಲ್ಲೂ ನೂರೈವತ್ತು, ಇನ್ನೂರು ರೂಪಾಯಿಯ ಸೆಂಟು ಸಿಗುತ್ತದೆ. ಹತ್ತು ಬಾಟಲಿಯ ಮುಚ್ಚಳ ತೆಗೆದು ಮೂಸಿದರೆ ಹಲವದರಲ್ಲಿ ಒಂದೇ ಜಾತಿಯ ಘಮ. ಮೊದಲು ಕಿತ್ತಳೆ, ನಿಂಬೆಯ ಹುಳಿಸಿಹಿ. ಆಮೇಲೆ ಜಾತ್ರೆಯ ಬೊಂಬಾಯಿ ಮಿಠಾಯಿಯಂಥ ಸಿಹಿ. ಕೊನೆಗೆ ಗಂಧ, ದೇವದಾರು ತರಹದ ಮರದ ಘಮ. ನಮ್ಮ ಕಡೆಯ ಹುಡುಗರು, ಹುಡುಗಿಯರು ಇದನ್ನೇ ಹುಡುಕಿ ಕೊಳ್ಳುತ್ತಾರೆ. ಅದಕ್ಕೆ ಕಾರಣವಿದೆ.

ಚಿಕ್ಕವರಿದ್ದಾಗ ಕಿತ್ತಳೆ ಸಿಪ್ಪೆ ಹಿಂಡಿ ಪಕ್ಕದವನ ಕಣ್ಣಿಗೆ ಚಿಮುಕಿಸದವರು ಯಾರಿದ್ದೀರಿ? ದೀಪದ ಹತ್ತಿರ ಹಿಂಡಿದರೆ ಚಟಪಟ ಕಿಡಿ ಹಾರುತ್ತಿತ್ತು. ಆ ಸಿಪ್ಪೆಯಲ್ಲಿರುವ ಎಣ್ಣೆಯೇ ಸೆಂಟಿನ ಮೊದಲ ಘಮ. ಅದರಲ್ಲಿ ಹೆಚ್ಚಿನ ಪಾಲು ಲಿಮೋನೀನ್ ಎಂಬ ಒಂದೇ ಪದಾರ್ಥ. ಬ್ರೆಜಿಲ್‌ನಂಥ ದೇಶಗಳಲ್ಲಿ ಕಿತ್ತಳೆ ರಸದ ಕಾರ್ಖಾನೆಗಳು ರಸ ತೆಗೆಯುವಾಗ ಸಿಪ್ಪೆಯ ಎಣ್ಣೆಯನ್ನೂ ತೆಗೆದು ಮಾರುತ್ತವೆ. ಹಾಗಾಗಿ ಅದು ಅಗ್ಗ. ಆದರೆ ಅದು ಬಲು ಹಗುರ, ಬೇಗ ಆರಿಹೋಗುತ್ತದೆ. ಬಸ್ಸು ಪೇಟೆ ಮುಟ್ಟುವ ಹೊತ್ತಿಗೆ ಕಿತ್ತಳೆ ಮುಗಿದಿರುತ್ತದೆ. ಮರದ ಘಮ ಹಾಗಲ್ಲ. ಅದು ಭಾರ, ನಿಧಾನ. ಸಂಜೆ ಅಂಗಿ ಬಿಚ್ಚುವಾಗಲೂ ಕಾಲರಿನಲ್ಲಿ ಸ್ವಲ್ಪ ಉಳಿದಿರುತ್ತದೆ.

ಕಡಿಮೆ ದುಡ್ಡಿಗೆ ಬೆಳಗ್ಗೆಯ ಚುರುಕೂ ಸಂಜೆಯ ಗಾಂಭೀರ್ಯವೂ ಸಿಗುತ್ತದೆ ಅಂದರೆ ಯಾರಿಗೆ ಬೇಡ?

ಹುಳಿಸಿಹಿ ಘಮದ ಹುಚ್ಚು ಇವತ್ತಿನದಲ್ಲ. 1709ರಲ್ಲಿ ಜರ್ಮನಿಯ ಕಲೋನ್ ಊರಿನಲ್ಲಿ ಇಟಲಿಯಿಂದ ಬಂದ ಫರೀನಾ ಮನೆತನದವರು ಇಂಥದೇ ನಿಂಬೆ, ಕಿತ್ತಳೆಯ ಸುಗಂಧ ನೀರಿನ ಅಂಗಡಿ ಇಟ್ಟರು. ಇವತ್ತಿಗೂ ನಾವು 'ಕಲೋನ್' ಅನ್ನುವುದು ಆ ಊರಿನ ಹೆಸರಿನಿಂದಲೇ. ಆಗ ಅದು ಅರಮನೆಗಳಿಗೆ, ದೊಡ್ಡವರಿಗೆ ಮಾತ್ರ ಎಟುಕುತ್ತಿತ್ತು.

ಇನ್ನು ಗಂಧದ ವಿಚಾರಕ್ಕೆ ಬನ್ನಿ. ಇದು ನಮ್ಮ ಮನೆಯ ಕಥೆ.

ಕರ್ನಾಟಕಕ್ಕೆ ಗಂಧದ ನಾಡು ಎಂಬ ಹೆಸರೇ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಮರವನ್ನು ಯುರೋಪಿಗೆ ಕಳಿಸಲಾಗದೆ ಹೋದಾಗ, 1916ರಲ್ಲಿ ಮೈಸೂರಿನಲ್ಲೇ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಮೈಸೂರ್ ಸ್ಯಾಂಡಲ್ ಸೋಪು ಬಂದಿದ್ದು ಆ ಎಣ್ಣೆಯಿಂದ. ಹೆಮ್ಮೆಯ ಮಾತೇ. ಆದರೆ ಈ ನಾಡಿನ ರೈತನಿಗೆ ಗಂಧ ಎಷ್ಟು ದಕ್ಕಿತ್ತು? ಅವನ ಹಿತ್ತಲಲ್ಲೇ, ಅವನ ಬೇಲಿಯಲ್ಲೇ ಹುಟ್ಟಿದ ಗಂಧದ ಮರ ಅವನದಾಗಿರಲಿಲ್ಲ, ಸರ್ಕಾರದ್ದಾಗಿತ್ತು. ಕೊಡಲಿ ಹಾಕಿದರೆ ಕೇಸು. ಬೇಲಿಯಲ್ಲಿ ಗಂಧದ ಸಸಿ ಕಂಡರೆ ಮುಂದಿನ ತಂಟೆ ಬೇಡವೆಂದು ಆಗಲೇ ಕಿತ್ತು ಹಾಕುತ್ತಿದ್ದ ಹಿರಿಯರಿದ್ದರು. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಜಮೀನಿನ ಮಾಲೀಕನಿಗೇ ಮರದ ಹಕ್ಕು ಬಂತು. ಈಗಲೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ನೆಟ್ಟ ಮರದ ಚೇಗು ಬಲಿಯಲು 15 ವರ್ಷವಾದರೂ ಕಾಯಬೇಕು, ಅಷ್ಟರಲ್ಲಿ ಕಳ್ಳರಿಂದ ಕಾಯಬೇಕು.

ಹಾಗಾಗಿ ನಮ್ಮ ಹಳ್ಳಿಗಳಲ್ಲಿ ಗಂಧವೆಂದರೆ ದೇವಸ್ಥಾನದಲ್ಲಿ ಹಣೆಗೆ ಹಚ್ಚುವ ಒಂದು ಬೊಟ್ಟು, ಹಬ್ಬಕ್ಕೆ ತರುವ ಒಂದು ಸೋಪು. ಇವತ್ತಿನ ಇನ್ನೂರು ರೂಪಾಯಿ ಬಾಟಲಿಯಲ್ಲೂ ನಿಜವಾದ ಗಂಧದೆಣ್ಣೆ ಇರುವುದಿಲ್ಲ, ಆ ಬೆಲೆಗೆ ಅದು ಸಾಧ್ಯವೇ ಇಲ್ಲ. ಅದು ಕಾರ್ಖಾನೆಯಲ್ಲಿ ತಯಾರಾದ, ಗಂಧವನ್ನು ಹೋಲುವ ಘಮ. "ಅಯ್ಯೋ, ನಕಲಿ" ಎಂದು ಮೂಗು ಮುರಿಯುವವರಿದ್ದಾರೆ. ಅಸಲಿಯನ್ನು ಯಾವತ್ತೂ ಕೈಗೆ ಕೊಡದೆ, ಹೋಲುವುದನ್ನು ಕೊಂಡವನನ್ನು ಆಡಿಕೊಳ್ಳುವುದು ಯಾವ ನ್ಯಾಯ?

ನಮ್ಮದೇ ಒಂದು ಅನುಭವ ಹೇಳುತ್ತೇವೆ. ಡಿಪ್ಲೊಮಾ ಮುಗಿಸಿದ ಹೊಸತರಲ್ಲಿ ಜಿಲ್ಲಾ ಕೇಂದ್ರದ ಒಂದು ಪತ್ರಿಕಾಗೋಷ್ಠಿಗೆ ಹೋಗಿದ್ದೆವು. ಕೊಟ್ಟಿಗೆ ಕೆಲಸ ಮುಗಿಸಿ, ಒಂದೂವರೆ ಗಂಟೆ ಬಸ್ಸಿನಲ್ಲಿ ನಿಂತು ಬಂದ ಮೈ. ಪಕ್ಕದಲ್ಲಿ ಕೂತಿದ್ದವರು ಕರ್ಚೀಫು ಮೂಗಿಗೆ ಹಿಡಿದು, ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿದರು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಮರೆಯಬಹುದಿತ್ತು. ನಮ್ಮೂರಿನ ಕುಡಿಯುವ ನೀರಿನ ಬಗ್ಗೆ ಕೇಳಬೇಕೆಂದು ಎರಡು ಪ್ರಶ್ನೆ ಬರೆದುಕೊಂಡು ಹೋಗಿದ್ದೆವು. ಎರಡನ್ನೂ ಕೇಳದೆ ವಾಪಸ್ ಬಂದೆವು. ಅವತ್ತು ಸಂಜೆ ಬಸ್‌ ಸ್ಟ್ಯಾಂಡಿನ ಹತ್ತಿರ ಮೊದಲ ಸಲ ಸೆಂಟು ಕೊಂಡೆವು.

ಸೆಂಟು ಹಾಕಿದರೆ ಮರ್ಯಾದೆ ಸಿಗುತ್ತದೆ ಎಂದು ನಾವು ಹೇಳುತ್ತಿಲ್ಲ. ಕುರ್ಚಿ ಸರಿಸುವವರಿಗೆ ಸರಿಸಲು ಬೇರೆ ನೆಪ ಸಿಗುತ್ತದೆ. ಹೆಸರು ಕೇಳಿ ಸರಿಸುವವರಿದ್ದಾರೆ, ಕೇರಿ ಕೇಳಿ ಸರಿಸುವವರಿದ್ದಾರೆ. ಸಗಣಿ, ಬೆವರು, ಮಣ್ಣು ದುಡಿಮೆಯ ವಾಸನೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ದುಡಿದವನಿಗೆ ಆ ವಾಸನೆಯನ್ನು ತೊಳೆದು, ತನಗೆ ಬೇಕಾದ ಘಮ ಹಾಕಿಕೊಂಡು ನಾಲ್ಕು ಜನರ ನಡುವೆ ಧೈರ್ಯವಾಗಿ ಕೂರುವ ಆಸೆಯೂ ಇರುತ್ತದೆ. ಆ ಆಸೆ ಶೋಕಿಯಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ ತನ್ನದೇ ಸಂಬಳದಲ್ಲಿ ಒಂದು ಬಾಟಲಿ ಕೊಂಡರೆ ಮೊದಲ ಪ್ರಶ್ನೆ, "ಯಾರಿಗೋಸ್ಕರ?" ಮಲ್ಲಿಗೆ ಮುಡಿದರೆ ಲಕ್ಷಣ, ಸೆಂಟು ಹಾಕಿದರೆ ಅನುಮಾನ. ಎಳೆಗೂಸಿಗೆ ಎರೆದು ಸಾಂಬ್ರಾಣಿ ಹೊಗೆ ಕೊಡುವವರು ನಾವು. ಮದುವೆ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರು ನಾವು. ಉರುಸಿನಲ್ಲಿ ಅತ್ತರಿನ ಹತ್ತಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಬರುವವರು ನಾವು. ಘಮ ನಮಗೆ ಯಾವತ್ತೂ ಹೊರಗಿನದಾಗಿರಲಿಲ್ಲ. ಹುಡುಗಿ ತನಗೋಸ್ಕರ ಹಾಕಿಕೊಂಡಳು ಎಂದರೆ ಮಾತ್ರ ಯಾಕೆ ಕಸಿವಿಸಿ?

ಆದರೆ ದುಡ್ಡು ಕಷ್ಟಪಟ್ಟು ಸಂಪಾದಿಸಿದ್ದು. ನೋಡಿ ಕೊಳ್ಳಿ.

ಬಾಟಲಿಯ ಮೇಲೆ ತಯಾರಕರ ಹೆಸರು, ವಿಳಾಸ, ತಾರೀಕು, ಎಂಆರ್‌ಪಿ ಇರಲಿ. ಸಾವಿರಾರು ರೂಪಾಯಿಯ ವಿದೇಶಿ ಹೆಸರನ್ನೇ ಅಂಟಿಸಿ ನೂರು ರೂಪಾಯಿಗೆ ಕೊಟ್ಟರೆ ಅದು ಡೂಪ್ಲಿಕೇಟ್. ಅದಕ್ಕಿಂತ ತನ್ನದೇ ಹೆಸರಿನ ಅಗ್ಗದ ಸೆಂಟು ಮೇಲು.

ಮೂಸಿದ ತಕ್ಷಣ ದುಡ್ಡು ಕೊಡಬೇಡಿ. ಮಣಿಕಟ್ಟಿಗೆ ಹಾಕಿಸಿಕೊಂಡು ಸಂತೆ ಒಂದು ಸುತ್ತು ಮುಗಿಸಿ. ಕಿತ್ತಳೆ ಆರಿದ ಮೇಲೆ ಉಳಿಯುವ ಘಮವೇ ನಿಮ್ಮ ಜೊತೆ ದಿನವೆಲ್ಲ ಇರುವುದು.

ಚರ್ಮ ಉರಿದರೆ, ಕೆಂಪಾದರೆ ಬಿಟ್ಟುಬಿಡಿ. ನಿಂಬೆ ಜಾತಿಯ ಕೆಲವು ಎಣ್ಣೆಗಳು ಮೈಮೇಲಿದ್ದಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗಿ ಕಲೆ ಉಳಿಯಬಹುದು. ಹೊಲಕ್ಕೆ ಹೋಗುವವರು ಬಟ್ಟೆಗೆ ಹಾಕಿಕೊಳ್ಳಿ. ಇದರಲ್ಲಿ ಸ್ಪಿರಿಟ್ ಇರುತ್ತದೆ, ಒಲೆ, ದೀಪದ ಹತ್ತಿರ ಬೇಡ. ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಘಮ ಕೆಡುತ್ತದೆ, ಬೀರುವಿನಲ್ಲಿಡಿ.

ಮತ್ತೆ, ಸ್ನಾನಕ್ಕೆ ಬದಲು ಸೆಂಟು ಅಲ್ಲ. ಎರಡು ಸಲ ಒತ್ತಿದರೆ ಸಾಕು. ತುಂಬಿದ ಬಸ್ಸಿನಲ್ಲಿ ತಲೆನೋವಿನವರೂ ಬಸುರಿಯರೂ ಇರುತ್ತಾರೆ. ಘಮ ನಿಮ್ಮ ಸೀಟು ದಾಟಿ ಹೋಗಬೇಕಾಗಿಲ್ಲ.

ಇಷ್ಟು ಹುಡುಗರಿಗೆ. ಇನ್ನು ಹಿಂದಿನ ಸೀಟಿನವರಿಗೆ ಒಂದು ಮಾತು. ನಾಳೆ ಏಳೂವರೆ ಬಸ್ಸಿಗೆ ಆ ಹುಡುಗ ಮತ್ತೆ ಹತ್ತುತ್ತಾನೆ. ಯಾರ ಮದುವೆ ಎಂದು ಕೇಳಬೇಡಿ. "ಚೆನ್ನಾಗಿದೆ ಕಣಪ್ಪಾ, ಎಲ್ಲಿ ತಗೊಂಡೆ?" ಎಂದು ಕೇಳಿ ನೋಡಿ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಹಾಲು ಕರೆದು ಬಂದವನು ಅವನು.