ಕಷಾಯವೂ ಕಸರತ್ತೂ

ತುಲಸಿ, ಶುಂಠಿ, ದಾಸವಾಳ ಮೊದಲಾದವುಗಳ ಪುಡಿಯನ್ನು ಸಣ್ಣ ಚೀಲಗಳಲ್ಲಿ ತುಂಬಿ, 'ಹರ್ಬಲ್ ಟೀ' ಎಂಬ ಹೆಸರಿಟ್ಟು ವ್ಯಾಯಾಮಪ್ರಿಯ ತರುಣರಿಗೆ ಮಾರುವ ಉದ್ಯಮವು ಈಚೆಗೆ ಭರದಿಂದ ಬೆಳೆದಿದೆ. ಕೊತ್ತಂಬರಿ, ಜೀರಿಗೆ, ಮೆಣಸುಗಳನ್ನು ಕುಟ್ಟಿ ಕಷಾಯ ಕಾಯಿಸುತ್ತಿದ್ದ ನಮ್ಮ ಅಜ್ಜಿಯಂದಿರು ತಮ್ಮ ಪಾಕಕ್ಕೆ ಇಷ್ಟು ಬೆಲೆ ಬಂದೀತೆಂದು ಕನಸಿನಲ್ಲಿಯೂ ಎಣಿಸಿರಲಾರರು. ಬೆಲೆಯ ಮಾತು ಹಾಗಿರಲಿ. ಕಠಿಣ ಶ್ರಮದಿಂದ ದೇಹದಲ್ಲಿ ಉಂಟಾಗುವ 'ಆಕ್ಸಿಡೇಟಿವ್ ಸ್ಟ್ರೆಸ್' ಅಥವಾ ಉತ್ಕರ್ಷಣದ ಒತ್ತಡವನ್ನು ಈ ಪಾನೀಯವು ಕಳೆಯುವುದೆಂಬ ಪ್ರಚಾರವನ್ನು ಮಾತ್ರ ಪರೀಕ್ಷಿಸದೆ ಬಿಡುವುದು ಉಚಿತವಲ್ಲ.

ಆ ಒತ್ತಡವು ಕಲ್ಪನೆಯೇನೂ ಅಲ್ಲ. ದಣಿದು ನಿಲ್ಲುವವರೆಗೆ ಓಡಿಸಿದ ಇಲಿಗಳ ಸ್ನಾಯು ಮತ್ತು ಯಕೃತ್ತುಗಳಲ್ಲಿ 'ಫ್ರೀ ರಾಡಿಕಲ್' ಎಂಬ ಉಗ್ರ ಕಣಗಳು ಎರಡು ಮೂರು ಪಟ್ಟು ಹೆಚ್ಚಿದುದನ್ನು ಅಮೆರಿಕದ ವಿಜ್ಞಾನಿಗಳು 1982ರಲ್ಲಿಯೇ ತೋರಿಸಿದರು. ಇವನ್ನು ಅಡಗಿಸುವ ದ್ರವ್ಯವೆಲ್ಲವೂ ಹಿತಕರವೆಂದು ಅಂದಿನಿಂದ ಜನರು ನಂಬಿದರು. ಆದರೆ 2009ರಲ್ಲಿ ಜರ್ಮನಿಯ ಮೈಕೇಲ್ ರಿಸ್ಟೋವ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವು ಈ ನಂಬಿಕೆಯ ಬುಡವನ್ನೇ ಅಲುಗಿಸಿತು. ಸುಮಾರು 40 ಮಂದಿ ತರುಣರು 4 ವಾರ ವ್ಯಾಯಾಮ ಮಾಡಿದರು. ಅವರಲ್ಲಿ ಅರ್ಧದಷ್ಟು ಜನರಿಗೆ ದಿನವೂ 1000 ಮಿಲಿಗ್ರಾಂ ಸಿ ಜೀವಸತ್ತ್ವವನ್ನೂ, ಅದರೊಡನೆ ಇ ಜೀವಸತ್ತ್ವವನ್ನೂ ಕೊಡಲಾಯಿತು. ಮಾತ್ರೆ ನುಂಗದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸಮಾಡತೊಡಗಿತು. ನುಂಗಿದವರಲ್ಲಿ ಆ ಲಾಭವು ಕಾಣಲಿಲ್ಲ. ಮಿತವಾದ ಆ ಒತ್ತಡವೇ ದೇಹಕ್ಕೆ ಎಚ್ಚರಿಕೆಯ ಕರೆ. ಅದನ್ನು ಕೇಳಿಯೇ ದೇಹವು ತನ್ನ ರಕ್ಷಣೆಯ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ.

ಒಂದು ಲೋಟ ಕಷಾಯವು ಹಾನಿಕರವೆಂದು ಇದರಿಂದ ತೀರ್ಮಾನಿಸುವುದು ಅನ್ಯಾಯವಾದೀತು. ಮಾತ್ರೆಯ ಪ್ರಮಾಣವೇ ಬೇರೆ, ಸೊಪ್ಪಿನ ಸಾರವೇ ಬೇರೆ. ಬೆವರು ಸುರಿಸಿದವನಿಗೆ ನೀರು ಬೇಕು. ಅದು ಶುಂಠಿಯ ರುಚಿಯೊಡನೆ ಒಳಸೇರಿದರೆ ಯಾರ ಆಕ್ಷೇಪಣೆಯೂ ಇಲ್ಲ. ಆದರೆ ಸೊಪ್ಪಿನ ಪಾನೀಯಗಳ ಮೇಲೆ ನಡೆದಿರುವ ಪರೀಕ್ಷೆಗಳು ಬಹುಮಟ್ಟಿಗೆ ಕೆಲವೇ ಜನರ ಮೇಲೆ, ಕೆಲವೇ ವಾರಗಳ ಕಾಲ ನಡೆದವು. ಫಲಿತಾಂಶಗಳೂ ಒಂದೇ ತೆರನಾಗಿಲ್ಲ. ರಕ್ತದಲ್ಲಿ ಒಂದು ಅಂಕಿ ಇಳಿದ ಮಾತ್ರಕ್ಕೆ ಓಟಗಾರನ ವೇಗವು ಹೆಚ್ಚಿತೆನ್ನಲಾಗದು. ಗಾಜಿನ ನಳಿಕೆಯಲ್ಲಿ ಅಳೆದ ಉತ್ಕರ್ಷಣ ನಿರೋಧಕ ಶಕ್ತಿಯು ಮನುಷ್ಯದೇಹಕ್ಕೆ ಅನ್ವಯಿಸುವುದಿಲ್ಲವೆಂದು, ಮಾರಾಟಗಾರರು ಅದನ್ನು ದುರುಪಯೋಗಪಡಿಸುತ್ತಿರುವರೆಂದು, ಅಮೆರಿಕದ ಕೃಷಿ ಇಲಾಖೆಯು ತಾನೇ ಪ್ರಕಟಿಸಿದ್ದ ಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು.

ನಮ್ಮಲ್ಲಿಯೂ ಕಾನೂನಿಗೆ ಕೊರತೆಯಿಲ್ಲ. ಆಹಾರದ ಜಾಹೀರಾತಿನಲ್ಲಿ ಹೇಳುವ ಗುಣಗಳಿಗೆ ವೈಜ್ಞಾನಿಕ ಆಧಾರವಿರಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ನಿಯಮಗಳು ವಿಧಿಸುತ್ತವೆ. ಈ ಚೀಲಗಳ ಮೇಲಿನ ಬರಹಕ್ಕೆ ಆಧಾರವೇನೆಂದು ಅಧಿಕಾರಿಗಳು ಮಾರಾಟಗಾರರನ್ನು ಕೇಳಲಿ. ಉತ್ತರವನ್ನು ಸಾರ್ವಜನಿಕರ ಮುಂದಿಡಲಿ. ಅಲ್ಲಿಯವರೆಗೆ ಸರ್ಕಾರಿ ಕ್ರೀಡಾ ವಸತಿನಿಲಯಗಳ ಹಣವು ಇಂತಹ ಚೀಲಗಳಿಗೆ ಹೋಗದೆ ಹಾಲು, ರಾಗಿ, ಮೊಟ್ಟೆ, ಹಣ್ಣುಗಳಿಗೆ ಹೋಗಬೇಕು. ಬಡವರ ಮನೆಯಿಂದ ಬಂದು ಓಟದ ಅಂಗಳದಲ್ಲಿ ಬೆವರುವ ಹುಡುಗನಿಗೆ ಇಂದು ಕೊರತೆಯಾಗಿರುವುದು ಅನ್ನ ಮತ್ತು ನಿದ್ದೆ.