ಸೆಲ್ ಸತ್ರ ಹಾಡೂ ಸಾಯತೈತೇನು?

ನಮ್ಮ ಟೀಮಿನಲ್ಲಿ ಒಬ್ಬ ಗೆಳೆಯನಿದ್ದಾನೆ. ಎರಡು ವರ್ಷದಲ್ಲಿ ಒಂದೇ ಬೇಸ್ ಗಿಟಾರಿಗೆ ಮೂರು ಪ್ರೀಆಂಪ್ ಹಾಕಿಸಿದ. ಖರ್ಚು ಗಿಟಾರಿನ ಬೆಲೆಯನ್ನೇ ದಾಟಿತು. ಮೊನ್ನೆ ಮೂರರ ರೆಕಾರ್ಡಿಂಗನ್ನೂ ಕಳಿಸಿ, ‘ಯಾವುದು ಚೆನ್ನಾಗಿದೆ ಹೇಳು ಗುರು’ ಅಂದ. ಕೇಳಿ, ‘ಯಾವುದರ ದನಿ ದೊಡ್ಡದಿದೆಯೋ ಅದು’ ಅಂದೆ. ತಮಾಷೆ ಅಂದುಕೊಂಡು ಮುನಿಸಿಕೊಂಡ. ನಾನು ಹೇಳಿದ್ದು ಖರೇನೇ. ಅದನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ, ಅವನಿಗೂ ನಿಮಗೂ.

ಮೊದಲು ಪ್ರೀಆಂಪಿನ ಪರ ಇರುವ ಮಾತು. 1951ರ ಫೆಂಡರ್ ಪ್ರಿಸಿಷನ್ ಬೇಸಿನಲ್ಲಿ ಬ್ಯಾಟರಿ ಇರಲಿಲ್ಲ. ಪಿಕಪ್ಪಿನ ತಂತಿಸುರುಳಿಯಿಂದ ಹೊರಟ ಸಿಗ್ನಲ್ ಬಲಹೀನ. ಕೇಬಲ್ ಉದ್ದವಾದಷ್ಟೂ ಮೇಲಿನ ಸ್ವರಗಳ ಹೊಳಪು ದಾರಿಯಲ್ಲೇ ಸೋರಿಹೋಗುತ್ತದೆ. ಅದರ ಟೋನ್ ನಾಬ್ ಕತ್ತರಿಸಬಲ್ಲದೇ ಹೊರತು ಏನನ್ನೂ ಸೇರಿಸಲಾರದು. 1970ರ ದಶಕದ ಶುರುವಿನಲ್ಲಿ ಅಲೆಂಬಿಕ್‌ನವರು, 1976ರಲ್ಲಿ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಮಾಡಿದವರು ಗಿಟಾರಿನ ಹೊಟ್ಟೆಯೊಳಗೇ ಪ್ರೀಆಂಪ್ ಕೂರಿಸಿದರು. ಸೋರಿಕೆ ನಿಂತಿತು, ಬೇಕಾದ್ದನ್ನು ಕೈಯಳತೆಯಲ್ಲೇ ಏರಿಸುವ ಅನುಕೂಲ ಬಂತು. ಇದು ಒಳ್ಳೆಯ ಎಂಜಿನಿಯರಿಂಗ್. ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ‘ಯಾವ ಪ್ರೀಆಂಪ್ ಶ್ರೇಷ್ಠ’ ಎಂಬ ಈ ಹೋಲಿಕೆಯ ಚಟದ ಬಗ್ಗೆ.

ಮನುಷ್ಯನ ಕಿವಿಗೆ ಒಂದು ದೌರ್ಬಲ್ಯವಿದೆ. ಒಂದೇ ದನಿಯನ್ನು ತುಸು ಜೋರಾಗಿ ಕೇಳಿಸಿದರೆ ‘ಇದೇ ಚಲೋ’ ಅನ್ನುತ್ತದೆ. ಹೋಲಿಕೆಯ ವೀಡಿಯೊಗಳಲ್ಲಿ ಎಷ್ಟು ಮಂದಿ ಮೀಟರ್ ಇಟ್ಟು ದನಿ ಸರಿದೂಗಿಸುತ್ತಾರೆ? ಇನ್ನು ನಾಬಿನ ಮೇಲಿನ ಹೆಸರು. ಎಲ್ಲದರಲ್ಲೂ ‘ಬೇಸ್’ ಅಂತಲೇ ಬರೆದಿರುತ್ತದೆ. ಅಗ್ವಿಲಾರ್ ಓಬಿಪಿ-3ರಲ್ಲಿ ಆ ನಾಬ್ 40 ಹರ್ಟ್ಸ್ ಸುತ್ತ ಏರಿಸುತ್ತದೆ, ಇನ್ನೊಂದು ಕಂಪನಿಯದು ಬೇರೆಲ್ಲೋ ಏರಿಸುತ್ತದೆ. ಎರಡನ್ನೂ ಅರ್ಧ ತಿರುಗಿಸಿ ಹೋಲಿಸುವುದೆಂದರೆ ಒಬ್ಬರ ಮನೆಯ ಉಪ್ಪನ್ನು ಇನ್ನೊಬ್ಬರ ಮನೆಯ ಸಕ್ಕರೆ ಜೊತೆ ಚಮಚದ ಲೆಕ್ಕದಲ್ಲಿ ಹೋಲಿಸಿದಂತೆ. ಅದನ್ನೂ ನಾವು ಕೇಳುವುದು ಮೊಬೈಲಿನಲ್ಲಿ. ಬೇಸಿನ ದಪ್ಪ ತಂತಿಯ ಮೂಲಸ್ವರ 41 ಹರ್ಟ್ಸ್. ನಿಮ್ಮ ಮೊಬೈಲಿನ ಸ್ಪೀಕರ್ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಇಷ್ಟರ ಮೇಲೆ ನಾಬನ್ನು 12 ಡೆಸಿಬಲ್ ಏರಿಸುತ್ತೇವೆ. 3 ಡೆಸಿಬಲ್ ಏರಿಸಿದರೆ ಆಂಪ್ಲಿಫೈಯರು ಎರಡು ಪಟ್ಟು ಪವರ್ ಕೊಡಬೇಕು. 12ಕ್ಕೆ ಸುಮಾರು 16 ಪಟ್ಟು! ಆಂಪ್ ಉಸಿರು ಬಿಡುತ್ತದೆ, ಡ್ರಮ್ಮಿನ ಗುದ್ದಿನೊಳಗೆ ಬೇಸ್ ಕರಗಿಹೋಗುತ್ತದೆ. ಬ್ಯಾಂಡಿನ ನಡುವೆ ಬೇಸ್ ಏನು ನುಡಿಸುತ್ತಿದೆ ಅಂತ ತಿಳಿಯುವುದು ನಡುವಿನ 400-800 ಹರ್ಟ್ಸ್ ಸುತ್ತ. ಮನೆಯಲ್ಲಿ ಒಬ್ಬನೇ ಕೂತು ನುಡಿಸುವವನಿಗೆ ಅದು ಗೊತ್ತಾಗುವುದೇ ಇಲ್ಲ.

ಈ ಕಾಯಿಲೆ ನನಗೆ ಊರಿಂದಲೇ ಪರಿಚಯ. ಉಗಾರ ಬುದ್ರುಕದಲ್ಲಿ ಗಣಪತಿ ಮೆರವಣಿಗೆಯ ಡಿಜೆ ಬಂದರೆ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಕುಣಿಯುತ್ತವೆ, ಹಾಡಿನ ಒಂದು ಅಕ್ಷರ ತಿಳಿಯುವುದಿಲ್ಲ. ಅದೇ ಊರಲ್ಲಿ ನಮ್ಮ ಮುತ್ಯಾ ಭಜನಿ ಹಾಡುತ್ತಿದ್ದ, ಒಂದು ತಂಬೂರಿ, ತಾಳ, ಪೇಟಿ ಇಟ್ಟುಕೊಂಡು. ತಂಬೂರಿ ಕೆಟ್ಟರೆ ಉಗಾರ ಖುರ್ದದಲ್ಲಿ ರೈಲು ಹತ್ತಿ ಮಿರಜಿಗೆ ಹೋಗುವುದು. 2024ರಲ್ಲಿ ಜಿಐ ಮಾನ್ಯತೆ ಪಡೆದ ತಂಬೂರಿ-ಸಿತಾರುಗಳ ಊರು ಅದು. ಚಿಕ್ಕವನಿದ್ದಾಗ ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ತಯಾರಕರು ಕುದುರೆಯನ್ನು ಉಜ್ಜುತ್ತಾರೆ, ತಂತಿ ಮೀಟುತ್ತಾರೆ, ಕೇಳುತ್ತಾರೆ, ಮತ್ತೆ ಉಜ್ಜುತ್ತಾರೆ. ಕೊನೆಗೆ ತಂತಿಯಡಿ ಒಂದು ನೂಲು ಸೇರಿಸಿ ಕೂದಲೆಳೆಯಷ್ಟು ಅತ್ತಿತ್ತ ಜರುಗಿಸುತ್ತಾರೆ. ಸತ್ತಂತಿದ್ದ ತಂತಿ ಒಮ್ಮೆಲೇ ಝೇಂಕರಿಸಿತು. ಜವಾರಿ ಅಂದರೆ ಇದೇ. ಅಲ್ಲಿ ಅರ್ಧ ದಿನ ನಡೆದದ್ದು ಕೇಳುವ ಕೆಲಸ.

ಈಗ ನನ್ನ ಮಾನ ಹರಾಜಾದ ಕಥೆ. ಒಂದು ದೀಪಾವಳಿಗೆ ಹೊಸ ಪ್ರೀಆಂಪ್ ಹಾಕಿಸಿದ ಬೇಸ್ ಹೊತ್ತು ಊರಿಗೆ ಹೋದೆ, ಭಜನಿ ಜೊತೆ ನುಡಿಸೋಣ ಅಂತ. ಮಧ್ಯಾಹ್ನ ಟ್ರೈ ಮಾಡಿ ಕೇಬಲ್ ಕೀಳದೆ ಹಾಗೇ ಬಿಟ್ಟಿದ್ದೆ. ಕೇಬಲ್ ಚುಚ್ಚಿರುವಷ್ಟು ಹೊತ್ತೂ ಪ್ರೀಆಂಪ್ ಆನ್ ಇರುತ್ತದೆ ಎಂಬುದು ತಲೆಗೇ ಹೋಗಿರಲಿಲ್ಲ. ಮೊದಲೇ ಅರೆಜೀವವಾಗಿದ್ದ ಬ್ಯಾಟರಿ ರಾತ್ರಿ ಎರಡನೇ ಪದಕ್ಕೆ ಗೊರಗುಟ್ಟಿ ಸತ್ತಿತು. ರಾತ್ರಿ ಹತ್ತರ ಮೇಲೆ ಊರಲ್ಲಿ ಒಂಬತ್ತು ವೋಲ್ಟಿನ ಸೆಲ್ ಎಲ್ಲಿ ಸಿಗಬೇಕು? ಪ್ಯಾಸಿವ್ ಸ್ವಿಚ್ ಹಾಕಿಸಿರಲಿಲ್ಲ, ಅದಕ್ಕೆ ದುಡ್ಡು ದಂಡ ಅಂದುಕೊಂಡಿದ್ದೆ. ಮುತ್ಯಾ ತಂಬೂರಿ ಮೀಟುತ್ತಲೇ ನನ್ನ ಕಡೆ ನೋಡಿ ಅಂದ, ‘ಸೆಲ್ ಸತ್ರ ಹಾಡೂ ಸಾಯತೈತೇನೋ ತಮ್ಮಾ?’

ಇಡೀ ಮಂದಿ ನಕ್ಕಿತು. ಭಜನಿ ನಡೀತು. ನಾನು ತಾಳ ಹಾಕುತ್ತಾ ಕೂತೆ. ಮುತ್ಯಾನ ಜೊತೆ ನುಡಿಸುವ ಅವಕಾಶ ಆಮೇಲೆ ಬರಲೇ ಇಲ್ಲ.

‘ಹಾಗಾದರೆ ಮಾರ್ಕಸ್ ಮಿಲ್ಲರ್?’ ಅಂತೀರಿ. ಹೌದು, ಅವರ 1977ರ ಜಾಝ್ ಬೇಸಿನಲ್ಲಿ ಪ್ರೀಆಂಪ್ ಇದೆ. ಆದರೆ ಆ ಹೆಬ್ಬೆರಳನ್ನು ಯಾವ ಕಂಪನಿ ಮಾರುತ್ತದೆ? ಮೋಟೌನಿನ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್ ಬೇಸಿನಲ್ಲಿ, ಹಳೇ ತಂತಿಯಲ್ಲಿ, ಬಲಗೈಯ ಒಂದೇ ಬೆರಳಲ್ಲಿ ಜಗತ್ತನ್ನು ಕುಣಿಸಿದರು. ಬ್ಯಾಟರಿ ಇರಲಿಲ್ಲ.

ಪ್ರೀಆಂಪ್ ಕೊಳ್ಳಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಕೊಳ್ಳುವ ಮುಂಚೆ ತಂತಿ ಬದಲಿಸಿ. ಪಿಕಪ್ಪಿನ ಎತ್ತರ ಒಂದು ಸುತ್ತು ಇಳಿಸಿ ನೋಡಿ, ಸ್ಕ್ರೂಡ್ರೈವರ್ ಸಾಕು. ಬಲಗೈಯನ್ನು ಬ್ರಿಜ್‌ನಿಂದ ಕತ್ತಿನ ಕಡೆಗೆ ನಾಲ್ಕು ಬೆರಳು ಜರುಗಿಸಿ, ಒಂದು ರೂಪಾಯಿ ಖರ್ಚಿಲ್ಲದೆ ಬೇರೆಯೇ ಗಿಟಾರ್ ಕೇಳಿಸುತ್ತದೆ. ಆಮೇಲೂ ಕೊರತೆ ಅನಿಸಿದರೆ, ದನಿ ಸಮ ಮಾಡಿ, ಕಣ್ಣು ಮುಚ್ಚಿ, ಪೂರ್ತಿ ಬ್ಯಾಂಡಿನ ಜೊತೆ ಹೋಲಿಸಿ. ವ್ಯತ್ಯಾಸ ಕೇಳಿದರೆ ಮಾತ್ರ ಕಾರ್ಡ್ ತೆಗೆಯಿರಿ. ತೆಗೆದರೆ ಪ್ಯಾಸಿವ್ ಸ್ವಿಚ್ಚಿಗೂ ಸೇರಿಸಿ ಕೊಡಿ.

ಗೆಳೆಯನಿಗೆ ಒಂದು ಪ್ರಶ್ನೆ ಉಳಿದಿದೆ. ಈ ಎರಡು ವರ್ಷದಲ್ಲಿ ಮೂರು ಪ್ರೀಆಂಪ್ ಆದವಲ್ಲ, ಯಾರ ಜೊತೆಗಾದರೂ ಕೂತು ಎಷ್ಟು ಹಾಡು ನುಡಿಸಿದೆಯಪ್ಪಾ? ಶನಿವಾರ ನಮ್ಮ ಮನೆಗೆ ಬಾ. ಕೇಬಲ್ ನಾನು ಕೊಡ್ತೀನಿ.